ಸರಕಿಗೆ ವೋಟಿಲ್ಲ

ನೂರು ವರ್ಷಗಳ ಹಿಂದೆ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಹುಟ್ಟಿದ ಮರುವರ್ಷವೇ ಒಂದು ದೊಡ್ಡ ಯೋಜನೆ ಬರೆಯಿತು. ನೀರಿನಡಿ ಒಂದು ಸುರಂಗ ತೋಡಬೇಕು, ಅದರೊಳಗೆ ಗೂಡ್ಸ್ ರೈಲು ಓಡಿಸಬೇಕು ಅನ್ನೋದು ಆ ಯೋಜನೆಯ ಜೀವಾಳ. ಆಮೇಲೆ ಆ ಸಂಸ್ಥೆ ಸೇತುವೆ ಕಟ್ಟಿತು. ಕಾರುಗಳಿಗೆ ಸುರಂಗ ತೋಡಿತು. ವಿಮಾನ ನಿಲ್ದಾಣ ನಡೆಸಿತು. ಬಸ್ ನಿಲ್ದಾಣ ಕಟ್ಟಿತು. ಒಂದು ಕಾಲಕ್ಕೆ ಜಗತ್ತಿನಲ್ಲೇ ಎತ್ತರದವು ಅನ್ನಿಸಿಕೊಂಡ ಅವಳಿ ಗೋಪುರಗಳನ್ನೂ ಎಬ್ಬಿಸಿತು. ಗೂಡ್ಸ್ ರೈಲಿನ ಆ ಸುರಂಗ ಮಾತ್ರ ಇವತ್ತಿನವರೆಗೂ ಇಲ್ಲ!

ನಮ್ಮೂರಿನ ಯಾವುದೋ ಪ್ರಾಧಿಕಾರದ ಕಥೆ ಅಂದ್ಕೊಂಡ್ರಾ? ಅಲ್ಲ. ಇದು ನ್ಯೂಯಾರ್ಕ್ ಕಥೆ. ಜಗತ್ತಿನ ದುಡ್ಡೆಲ್ಲ ಬಂದು ಬೀಳೋ ಊರು. ಇಂಜಿನಿಯರುಗಳಿಗೆ ಬರವಿಲ್ಲದ ಊರು. ಅಂಥ ಊರು ಕೆಲವೇ ಕಿಲೋಮೀಟರಿನ ಒಂದು ರೈಲು ಸುರಂಗವನ್ನು ನೂರು ವರ್ಷದಿಂದ ತೋಡ್ತಾ ಇಲ್ಲ ಅಂದ್ರೆ, ಅಡ್ಡಿ ಕಲ್ಲಿನದ್ದಲ್ಲ, ನೀರಿನದ್ದೂ ಅಲ್ಲ. ಹಾಗಾದ್ರೆ ಯಾವುದು? ಇವತ್ತು ಅದನ್ನೇ ಬಿಡಿಸಿ ನೋಡೋಣ. ಯಾಕಂದ್ರೆ ಆ ಅಡ್ಡಿ ಬೆಂಗಳೂರಿನಲ್ಲೂ ಇದೆ.

ಮೊದಲು ಊರಿನ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಹರಿದು ಸಮುದ್ರ ಸೇರುವ ಹಡ್ಸನ್ ನದಿ. ನದಿಯ ಪಶ್ಚಿಮ ದಂಡೆಯಲ್ಲಿ ನ್ಯೂಜೆರ್ಸಿ ರಾಜ್ಯ. ಪೂರ್ವಕ್ಕೆ ನ್ಯೂಯಾರ್ಕ್. ನಾವು ಸಿನಿಮಾದಲ್ಲಿ ನೋಡುವ ಮ್ಯಾನ್‌ಹಟನ್ ಒಂದು ದ್ವೀಪ. ಅದರ ಪಕ್ಕದ ಬ್ರೂಕ್ಲಿನ್, ಕ್ವೀನ್ಸ್ ಇರೋದು ಲಾಂಗ್ ಐಲ್ಯಾಂಡ್ ಅನ್ನೋ ಇನ್ನೊಂದು ದ್ವೀಪದ ತುದಿಯಲ್ಲಿ. ಸ್ಟೇಟನ್ ಐಲ್ಯಾಂಡ್ ಹೆಸರಲ್ಲೇ ದ್ವೀಪ. ಊರಿನ ಐದು ಭಾಗಗಳಲ್ಲಿ ಬ್ರಾಂಕ್ಸ್ ಒಂದೇ ಭೂಖಂಡಕ್ಕೆ ಅಂಟಿಕೊಂಡಿರೋದು. ಅಂದ್ರೆ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಇರುವ ನಗರದ ಬಹುಪಾಲು ದ್ವೀಪಗಳ ಮೇಲಿದೆ. ಅಮೆರಿಕದ ಉದ್ದಗಲದಿಂದ ಗೋಧಿ, ಕಾಗದ, ಕಬ್ಬಿಣ, ಮರ ಹೊತ್ತು ಬರುವ ಗೂಡ್ಸ್ ರೈಲುಗಳು ಪಶ್ಚಿಮದಿಂದ ಬಂದು ನ್ಯೂಜೆರ್ಸಿ ದಂಡೆಯಲ್ಲಿ ನಿಂತು ಬಿಡುತ್ತವೆ. ಎದುರಿಗೆ ಊರು ಕಾಣುತ್ತೆ. ನಡುವೆ ನೀರು.

ಜನರ ಸಮಸ್ಯೆಯನ್ನು ಆ ಊರು ಬೇಗನೇ ಬಗೆಹರಿಸಿತು. 1910ರಲ್ಲೇ ಪೆನ್ಸಿಲ್ವೇನಿಯಾ ರೈಲ್ ರೋಡ್ ಕಂಪನಿ ಹಡ್ಸನ್ ನದಿಯ ಅಡಿಯಲ್ಲಿ ಸುರಂಗ ತೋಡಿ ಪ್ರಯಾಣಿಕರ ರೈಲನ್ನು ಮ್ಯಾನ್‌ಹಟನ್ ನಡುವಿಗೇ ತಂದು ಬಿಟ್ಟಿತು. ಆದರೆ ಆ ಸುರಂಗ ಪ್ರಯಾಣಿಕರ ಅಳತೆಗೆ ಹೊಲಿದ ಅಂಗಿ. ಗಿಡ್ಡ, ಇಕ್ಕಟ್ಟು. ಅದರಲ್ಲಿ ಗೂಡ್ಸ್ ವ್ಯಾಗನ್ ಹೋಗಲ್ಲ.

ಸರಕು ಏನಾಯ್ತು ಹಾಗಾದ್ರೆ? ಸರಕು ದೋಣಿ ಹತ್ತಿತು. ಚಪ್ಪಟೆ ಬಾರ್ಜ್ ಮೇಲೆ ಹಳಿ ಹಾಕಿ, ಅದರ ಮೇಲೆ ವ್ಯಾಗನ್‌ಗಳನ್ನು ತಳ್ಳಿ, ಟಗ್ ದೋಣಿ ಕಟ್ಟಿ ಎಳೆದುಕೊಂಡು ಆಚೆ ದಡ ಮುಟ್ಟಿಸೋದು. ಕಾರ್ ಫ್ಲೋಟ್ ಅಂತಾರೆ ಅದಕ್ಕೆ. ಒಂದೊಂದು ರೈಲ್ವೆ ಕಂಪನಿಗೂ ಅದರದ್ದೇ ಬಾರ್ಜ್, ಅದರದ್ದೇ ಕಟ್ಟೆ, ಅದರದ್ದೇ ಟಗ್. ಬಂದರಿನ ತುಂಬ ಇವೇ. ಇದು ಎಲ್ಲಿವರೆಗೆ ನಡೀತು? ಮೊದಲ ಮಹಾಯುದ್ಧದವರೆಗೆ. 1917-18ರ ಚಳಿಗಾಲದಲ್ಲಿ ಯೂರೋಪಿಗೆ ಹೋಗಬೇಕಾದ ಯುದ್ಧದ ಸರಕು ಒಂದು ಕಡೆ, ಊರಿಗೆ ಬೇಕಾದ ಕಲ್ಲಿದ್ದಲು ಇನ್ನೊಂದು ಕಡೆ, ಬಂದರಿನ ನೀರು ಹೆಪ್ಪುಗಟ್ಟಿದ್ದು ಮತ್ತೊಂದು ಕಡೆ. ವ್ಯಾಗನ್‌ಗಳು ಸಾಲುಗಟ್ಟಿ ನಿಂತವು. ಆಚೆ ದಡದಲ್ಲಿ ಕಲ್ಲಿದ್ದಲಿದೆ, ಈಚೆ ದಡದಲ್ಲಿ ಜನ ಚಳಿಯಲ್ಲಿ ನಡುಗ್ತಾ ಇದ್ದಾರೆ!

ಆಗ ಎರಡೂ ರಾಜ್ಯಗಳಿಗೆ ಬುದ್ಧಿ ಬಂತು. 1921ರಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಒಪ್ಪಂದ ಮಾಡಿಕೊಂಡು ಪೋರ್ಟ್ ಅಥಾರಿಟಿ ಹುಟ್ಟುಹಾಕಿದವು. ನಾನು ಮೊದಲೇ ಹೇಳಿದ ಸಂಸ್ಥೆ ಇದೇ. 1922ರಲ್ಲಿ ಅದರ ಸಮಗ್ರ ಯೋಜನೆ ಬಂತು. ನ್ಯೂಜೆರ್ಸಿಯಿಂದ ಬ್ರೂಕ್ಲಿನ್‌ಗೆ ಬಂದರಿನ ಅಡಿಯಲ್ಲಿ ಗೂಡ್ಸ್ ಸುರಂಗ. ಆಚೆ ಕಡೆ ಹಳಿ ಆಗಲೇ ಇತ್ತು. ಬ್ರೂಕ್ಲಿನ್ನಿನ ಬೇ ರಿಡ್ಜ್ ದಡದಿಂದ ಹೊರಟು ಕ್ವೀನ್ಸ್ ಹಾದು, ಹೆಲ್ ಗೇಟ್ ಅನ್ನೋ ಭಾರೀ ಕಮಾನು ಸೇತುವೆ ದಾಟಿ, ಬ್ರಾಂಕ್ಸ್ ಮೂಲಕ ಮುಂದಿನ ರಾಜ್ಯಗಳಿಗೆ ಹೋಗುವ ಹಳಿ. ಈಚೆ ಕಡೆಯೂ ಹಳಿ, ಆಚೆ ಕಡೆಯೂ ಹಳಿ. ನಡುವಿನದ್ದು ಮಾತ್ರ ಸೇರಿಸಬೇಕಿತ್ತು.

ಸೇರಲಿಲ್ಲ. ಯಾಕೆ?

ಒಂದನೇ ಕಾರಣ, ರೈಲ್ವೆ ಕಂಪನಿಗಳು. ಒಂದಲ್ಲ ಎರಡಲ್ಲ, ಹತ್ತಾರು ಖಾಸಗಿ ಕಂಪನಿ. ಒಂದಕ್ಕೊಂದು ಹಾವು ಮುಂಗುಸಿ. ಎಲ್ಲರೂ ಸೇರಿ ಒಂದೇ ಸುರಂಗ ಬಳಸಿ ಅಂದ್ರೆ ಯಾರೂ ತಯಾರಿಲ್ಲ. ಒತ್ತಾಯ ಮಾಡುವ ಅಧಿಕಾರ ಪೋರ್ಟ್ ಅಥಾರಿಟಿಗೆ ಇರಲಿಲ್ಲ.

ಎರಡನೇ ಕಾರಣ, ರಾಜಕೀಯ. ಆಗಿನ ಮೇಯರ್ ಜಾನ್ ಹೈಲನ್‌ಗೆ ಪೋರ್ಟ್ ಅಥಾರಿಟಿ ಕಂಡ್ರೆ ಆಗ್ತಿರಲಿಲ್ಲ. ಅವರು ತಮ್ಮದೇ ಬೇರೆ ಸುರಂಗ ಶುರು ಮಾಡಿದರು, ಬ್ರೂಕ್ಲಿನ್‌ನಿಂದ ಸ್ಟೇಟನ್ ಐಲ್ಯಾಂಡ್‌ಗೆ. 1923ರಲ್ಲಿ ಗುದ್ದಲಿ ಪೂಜೆ ಆಯ್ತು. ಎರಡೂ ದಡದಲ್ಲಿ ಗುಂಡಿ ತೋಡಿದರು. 1925ರಲ್ಲಿ ಕೆಲಸ ನಿಂತು ಹೋಯ್ತು. ಉಳಿದದ್ದು ಗುಂಡಿಗಳು ಮಾತ್ರ. ಜನ ಅದಕ್ಕೆ ಹೈಲನ್ ಗುಂಡಿ ಅಂತ ಹೆಸರಿಟ್ಟು ನಕ್ಕರು. ಗುದ್ದಲಿ ಪೂಜೆ ಮಾಡಿ ಕೈಬಿಡೋದು ನಮ್ಮಲ್ಲಿ ಮಾತ್ರ ಅಂತ ತಿಳ್ಕೊಂಡವರಿಗೆ ಇದು ಸ್ವಲ್ಪ ಸಮಾಧಾನ ಕೊಡಬಹುದು.

ಮೂರನೇ ಕಾರಣ ಎಲ್ಲಕ್ಕಿಂತ ದೊಡ್ಡದು. ದುಡ್ಡು. 1927ರಲ್ಲಿ ಹಡ್ಸನ್ ಅಡಿಯಲ್ಲಿ ವಾಹನಗಳಿಗೆ ಹಾಲೆಂಡ್ ಸುರಂಗ ತೆರೆಯಿತು. ಕಾರುಗಳು ಸಾಲುಗಟ್ಟಿದವು. ಪ್ರತಿ ಕಾರೂ ಟೋಲ್ ಕಟ್ಟಿತು. 1930ರಲ್ಲಿ ಆ ಸುರಂಗ ಪೋರ್ಟ್ ಅಥಾರಿಟಿಯ ಕೈಗೆ ಬಂತು. 1931ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, 1937ರಲ್ಲಿ ಲಿಂಕನ್ ಸುರಂಗ. ಟೋಲ್ ಗೇಟಿನಲ್ಲಿ ದಿನಾ ಸಂಜೆ ನಗದು ಎಣಿಸಬಹುದು. ರೈಲ್ವೆ ಕಂಪನಿಗಳ ಬಾಗಿಲು ಕಾಯಬೇಕಾಗಿಲ್ಲ. ನೀವೇ ಆ ಕುರ್ಚಿಯಲ್ಲಿ ಕೂತಿದ್ರೆ ಯಾವುದನ್ನು ಕಟ್ಟುತ್ತಿದ್ರಿ, ಹೇಳಿ?

ಇಲ್ಲಿಂದ ಮುಂದೆ ಎಲ್ಲವೂ ಲಾರಿ ಕಡೆಗೇ ತಿರುಗಿತು. 1956ರಲ್ಲಿ ಮಾಲ್ಕಮ್ ಮೆಕ್ಲೀನ್ ಅನ್ನೋ, ಹಿಂದೆ ಟ್ರಕ್ ಕಂಪನಿ ನಡೆಸಿದ್ದ ಉದ್ಯಮಿ ನ್ಯೂಜೆರ್ಸಿಯ ನೆವಾರ್ಕ್‌ನಿಂದ 58 ಲೋಹದ ಪೆಟ್ಟಿಗೆಗಳನ್ನು ಹಡಗಿಗೆ ಹೇರಿ ಕಳಿಸಿದ. ಇವತ್ತು ನಾವು ನೋಡೋ ಕಂಟೇನರ್ ಯುಗ ಶುರುವಾಗಿದ್ದು ಅಲ್ಲಿಂದ. ಕಂಟೇನರ್ ಇಳಿಸಲು ವಿಶಾಲ ಜಾಗ ಬೇಕು. ಬ್ರೂಕ್ಲಿನ್ನಿನ ಹಳೇ ಕಟ್ಟೆಗಳಲ್ಲಿ ಜಾಗ ಎಲ್ಲಿದೆ? ಹಡಗುಗಳು ನ್ಯೂಜೆರ್ಸಿಯ ನೆವಾರ್ಕ್, ಎಲಿಜಬೆತ್ ಕಡೆ ಹೋದವು. ಬ್ರೂಕ್ಲಿನ್ನಿನ ಹಮಾಲರು ಕೆಲಸ ಕಳೆದುಕೊಂಡರು. ಮೊದಲು ರೈಲಿನ ಸರಕು ಮಾತ್ರ ಆಚೆ ದಡದಲ್ಲಿ ನಿಲ್ಲುತ್ತಿತ್ತು. ಈಗ ಹಡಗಿನ ಸರಕೂ ಆಚೆ ದಡದಲ್ಲೇ! ಅದು ಈಚೆಗೆ ಬರಬೇಕು ಅಂದ್ರೆ ಲಾರಿಯೇ ಗತಿ. 1964ರಲ್ಲಿ ಸ್ಟೇಟನ್ ಐಲ್ಯಾಂಡ್ ಮತ್ತು ಬ್ರೂಕ್ಲಿನ್ ನಡುವೆ ವೆರಜಾನೊ ತೂಗು ಸೇತುವೆ ಬಂತು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ತೂಗು ಸೇತುವೆ. ಎರಡು ಅಂತಸ್ತಿನ ತುಂಬ ರಸ್ತೆ. ರೈಲು ಹಳಿ ಒಂದೂ ಇಲ್ಲ.

ಇನ್ನೊಂದು ಪೆಟ್ಟು ಬಿತ್ತು. ನಗರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಮೇಲೆ, ಪೊಕಿಪ್ಸಿ ಎಂಬ ಊರಲ್ಲಿ ಹಡ್ಸನ್ ದಾಟಲು ಒಂದು ಹಳೇ ರೈಲು ಸೇತುವೆ ಇತ್ತು. 1974ರಲ್ಲಿ ಅದಕ್ಕೆ ಬೆಂಕಿ ಬಿತ್ತು. ರೈಲು ಮತ್ತೆ ಓಡಲಿಲ್ಲ. ಈಗ ಪರಿಸ್ಥಿತಿ ಏನು ಗೊತ್ತಾ? ಗೂಡ್ಸ್ ರೈಲು ನ್ಯೂಜೆರ್ಸಿಯಿಂದ ಎದುರಿಗೆ ಕಾಣುವ ಬ್ರೂಕ್ಲಿನ್‌ಗೆ ಹೋಗಬೇಕು ಅಂದ್ರೆ, ಉತ್ತರಕ್ಕೆ ಸುಮಾರು 225 ಕಿಲೋಮೀಟರ್ ಹೋಗಿ, ಆಲ್ಬನಿ ಪಕ್ಕದ ಸೆಲ್‌ಕರ್ಕ್ ಹತ್ತಿರ ಸೇತುವೆ ದಾಟಿ, ಮತ್ತೆ ಅಷ್ಟೇ ದೂರ ಕೆಳಗೆ ಇಳಿದು ಬರಬೇಕು. ಮೆಜೆಸ್ಟಿಕ್‌ನಿಂದ ಮಲ್ಲೇಶ್ವರಕ್ಕೆ ಹೋಗೋಕೆ ಚಿತ್ರದುರ್ಗಕ್ಕೆ ಹೋಗಿ ಬನ್ನಿ ಅಂದ ಹಾಗೆ! ರೈಲ್ವೆಯವರೇ ಇದಕ್ಕೆ ಸೆಲ್‌ಕರ್ಕ್ ಅಡ್ಡಿ ಅಂತ ಹೆಸರಿಟ್ಟಿದ್ದಾರೆ.

ಇಷ್ಟು ಸುತ್ತು ಹಾಕೋ ಪುಣ್ಯಾತ್ಮರು ಯಾರು? ಹಡ್ಸನ್‌ನ ಪೂರ್ವಕ್ಕೆ ಬರುವ ಸರಕಿನಲ್ಲಿ ರೈಲಿನ ಪಾಲು ನೂರರಲ್ಲಿ ಎರಡೋ ಮೂರೋ ಅಷ್ಟೇ. ಉಳಿದದ್ದೆಲ್ಲ ರಸ್ತೆ ಮೇಲೆ. ಹಳೇ ಕಾರ್ ಫ್ಲೋಟ್ ಇನ್ನೂ ಜೀವಂತ ಇದೆ. ನೂರಾರು ಬಾರ್ಜ್‌ಗಳ ಆ ಸಾಮ್ರಾಜ್ಯದಲ್ಲಿ ಕೊನೆಗೆ ಉಳಿದ ಒಂದು ಸಣ್ಣ ಕಂಪನಿಯನ್ನು 2008ರಲ್ಲಿ ಪೋರ್ಟ್ ಅಥಾರಿಟಿಯೇ ಕೊಂಡುಕೊಂಡಿತು. ಒಂದು ಸಲಕ್ಕೆ ಹೆಚ್ಚೆಂದರೆ ಹದಿನೆಂಟು ವ್ಯಾಗನ್ ದಾಟಿಸುತ್ತೆ. ಸುರಂಗ ತೋಡಬೇಕಾದ ಸಂಸ್ಥೆ ಈಗ ದೋಣಿ ನಡೆಸುತ್ತಿದೆ ನೋಡಿ!

ಇನ್ನೊಂದು ವಿಚಿತ್ರ ಕೇಳಿ. ಮ್ಯಾನ್‌ಹಟನ್‌ನ ಪಶ್ಚಿಮ ಬದಿಯಲ್ಲಿ ಬೀದಿಯ ಮೇಲೆ ಎತ್ತರದಲ್ಲಿ ಗೂಡ್ಸ್ ರೈಲಿಗೇ ಅಂತ ಒಂದು ಹಳಿ ಇತ್ತು. ನೇರ ಗೋದಾಮುಗಳ ಒಳಗೇ ನುಗ್ಗುವ ಹಳಿ. 1980ರಲ್ಲಿ ಕೊನೇ ರೈಲು ಓಡಿತು. 2009ರಲ್ಲಿ ಅದು ಹೈಲೈನ್ ಅನ್ನೋ ಪಾರ್ಕ್ ಆಯ್ತು. ನಮ್ಮವರು ಅಮೆರಿಕಕ್ಕೆ ಹೋದಾಗ ಸೆಲ್ಫಿ ತೆಗೆಯುವ ಜಾಗ. ಬೆಂಕಿ ಬಿದ್ದ ಪೊಕಿಪ್ಸಿ ಸೇತುವೆ? ಅದೂ ಅದೇ 2009ರಲ್ಲಿ ವಾಕಿಂಗ್ ಮಾಡುವ ಸೇತುವೆ ಆಯ್ತು. ಎರಡೂ ಸೊಗಸಾಗಿವೆ, ತಕರಾರಿಲ್ಲ. ಆದರೆ ಅವುಗಳ ಮೇಲೆ ಹೋಗ್ತಿದ್ದ ಸರಕು ಮಾಯ ಆಗಲಿಲ್ಲ. ಅದು ಬೇರೆ ಯಾರದೋ ಮನೆ ಮುಂದೆ ಲಾರಿಯಲ್ಲಿ ಹೋಗ್ತಾ ಇದೆ.

ಯಾರ ಮನೆ ಮುಂದೆ? ಈ ಪ್ರಶ್ನೆಯಲ್ಲೇ ಇರೋದು ವಿಷಯ. ನ್ಯೂಜೆರ್ಸಿಯಿಂದ ಬರುವ ಲಾರಿ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದರೆ ಸ್ವಲ್ಪ ಹೊತ್ತಿಗೇ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಸೇರುತ್ತೆ. ಅಮೆರಿಕದಲ್ಲೇ ಅತಿ ಹೆಚ್ಚು ಜಾಮ್ ಆಗುವ ರಸ್ತೆಗಳಲ್ಲಿ ಅದೂ ಒಂದು. ಅದರ ಎರಡೂ ಬದಿ ಬಡವರ ಮನೆಗಳು. ಹೆಚ್ಚಿನವರು ಕಪ್ಪು ಜನ, ಲ್ಯಾಟಿನ್ ಅಮೆರಿಕದಿಂದ ಬಂದವರು. ಬ್ರಾಂಕ್ಸ್ ಮಕ್ಕಳಲ್ಲಿ ಆಸ್ತಮಾ ಪ್ರಮಾಣ ದೇಶದಲ್ಲೇ ಹೆಚ್ಚಿನ ಸಾಲಿಗೆ ಸೇರುತ್ತೆ. ದಕ್ಷಿಣ ಬ್ರಾಂಕ್ಸಿನ ಒಂದು ಭಾಗಕ್ಕೆ ಆಸ್ತಮಾ ಗಲ್ಲಿ ಅಂತಲೇ ಹೆಸರು ಬಿದ್ದಿದೆ. ಮ್ಯಾನ್‌ಹಟನ್‌ನ ಹೋಟೆಲಿನ ತಟ್ಟೆಗೆ ತರಕಾರಿ ಬರಬೇಕು ಅಂದ್ರೆ ಆ ಮಗು ಡೀಸೆಲ್ ಹೊಗೆ ಕುಡಿಯಬೇಕು. ಬಿಲ್‌ನಲ್ಲಿ ಇದರ ಲೆಕ್ಕ ಇರಲ್ಲ.

ರಸ್ತೆಯ ಲೆಕ್ಕವೂ ಹಾಗೇ. 1950ರ ದಶಕದ ಕೊನೆಯಲ್ಲಿ ಇಲಿನಾಯ್ಸ್ ರಾಜ್ಯದಲ್ಲಿ ಅಮೆರಿಕದ ಇಂಜಿನಿಯರುಗಳು ಒಂದು ದೊಡ್ಡ ಪರೀಕ್ಷೆ ಮಾಡಿದರು. ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಸುತ್ತಿಸಿ ರಸ್ತೆ ಎಷ್ಟು ಸವೆಯುತ್ತೆ ಅಂತ ನೋಡಿದರು. ಅದರಿಂದ ಬಂದ ಸೂತ್ರ ಇವತ್ತಿಗೂ ರಸ್ತೆ ಇಂಜಿನಿಯರುಗಳ ಬಾಯಿಪಾಠ. ಆಕ್ಸೆಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಈಗ ಆಕ್ಸೆಲ್‌ಗೆ ಒಂದು ಟನ್ ಭಾರದ ಕಾರು, ಹತ್ತು ಟನ್ ಭಾರದ ಲಾರಿ, ಎರಡನ್ನೂ ಅಕ್ಕಪಕ್ಕ ಇಡಿ. ಭಾರ ಹತ್ತು ಪಟ್ಟು. ಸವೆತ ಹತ್ತು ಸಾವಿರ ಪಟ್ಟು! ಲಾರಿ ಕಾರಿಗಿಂತ ಹತ್ತು ಸಾವಿರ ಪಟ್ಟು ಟೋಲ್ ಕಟ್ಟುತ್ತಾ? ಜಗತ್ತಿನ ಯಾವ ಟೋಲ್ ಗೇಟಿನಲ್ಲೂ ಇಲ್ಲ. ಉಳಿದದ್ದನ್ನು ಕಟ್ಟೋರು ನಾವು, ನೀವು.

ಲಾರಿಯವರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ಅವರು ಎರಡು ದಿನ ಮುಷ್ಕರ ಮಾಡಿದರೆ ನಮ್ಮ ಅಡುಗೆಮನೆ ಖಾಲಿ. ನಾನು ಹೇಳ್ತಿರೋದು ಇಷ್ಟೇ. ಲಾರಿ ಅಗ್ಗ ಅಂತ ನಮಗೆ ಅನ್ನಿಸೋದು ಅದರ ಪೂರ್ತಿ ಬೆಲೆ ಬೇರೆಯವರು ಕೊಡ್ತಾ ಇರೋದ್ರಿಂದ. ರೈಲಿನ ಉಕ್ಕಿನ ಗಾಲಿ ಉಕ್ಕಿನ ಹಳಿ ಮೇಲೆ ಉರುಳುವಾಗ ತಿಕ್ಕಾಟ ಬಹಳ ಕಡಿಮೆ. ಒಂದೇ ತೂಕವನ್ನು ಅಷ್ಟೇ ಡೀಸೆಲ್‌ನಲ್ಲಿ ಲಾರಿಗಿಂತ ಮೂರು ನಾಲ್ಕು ಪಟ್ಟು ದೂರ ಒಯ್ಯಬಹುದು. ಒಂದು ಉದ್ದದ ಗೂಡ್ಸ್ ರೈಲು ನೂರಾರು ಲಾರಿಯ ಲೋಡು ಹೊರುತ್ತೆ.

ಇದನ್ನೇ ಹಿಡಿದು ಒಬ್ಬ ರಾಜಕಾರಣಿ ತನ್ನ ಇಡೀ ರಾಜಕೀಯ ಜೀವನ ಹೋರಾಡಿದರು. ಜೆರಾಲ್ಡ್ ನ್ಯಾಡ್ಲರ್, ನ್ಯೂಯಾರ್ಕ್‌ನ ಸಂಸದ. 1992ರಿಂದ ಅಮೆರಿಕದ ಸಂಸತ್ತಿನಲ್ಲಿದ್ದಾರೆ. ಅದಕ್ಕೂ ಮೊದಲು ರಾಜ್ಯದ ಶಾಸಕರಾಗಿದ್ದಾಗಿಂದಲೂ ಸುರಂಗ, ಸುರಂಗ ಅಂತ ಜಪ. ಜನ ತಮಾಷೆ ಮಾಡಿದರು. ಅವರು ಬಿಡಲಿಲ್ಲ. 2005ರಲ್ಲಿ ಕೇಂದ್ರದ ಸಾರಿಗೆ ಮಸೂದೆಯಲ್ಲಿ ಸುರಂಗಕ್ಕೆ ಅಂತಲೇ 10 ಕೋಟಿ ಡಾಲರ್ ಇಡಿಸಿದರು.

ಅದೇ 2005ರಲ್ಲಿ ಇನ್ನೊಂದು ಕಡೆಯಿಂದ ಏಟು ಬಿತ್ತು. ಸುರಂಗದಿಂದ ಬಂದ ರೈಲು ಎಲ್ಲೋ ಒಂದು ಕಡೆ ನಿಂತು ಸರಕು ಇಳಿಸಬೇಕಲ್ಲ? ಅದಕ್ಕೆ ಕ್ವೀನ್ಸ್‌ನ ಮ್ಯಾಸ್ಪೆತ್ ಅನ್ನೋ ಬಡಾವಣೆಯಲ್ಲಿ ದೊಡ್ಡ ಯಾರ್ಡ್ ಮಾಡಬೇಕು ಅಂತ ಇತ್ತು. ಯಾರ್ಡ್ ಬಂದರೆ ಅಲ್ಲಿಂದ ಅಂಗಡಿಗಳಿಗೆ ಸರಕು ಹೊತ್ತುಕೊಂಡು ಹೋಗುವ ಲಾರಿಗಳೂ ಬಂದವು. ಮ್ಯಾಸ್ಪೆತ್ ಜನ ಬೀದಿಗಿಳಿದರು. ಇಡೀ ಊರಿನ ಲಾರಿ ಕಡಿಮೆ ಮಾಡೋಕೆ ನಮ್ಮ ಬೀದಿಗೆ ಲಾರಿ ತಂದು ಸುರೀತೀರಾ ಅಂತ ಕೇಳಿದರು. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಬೆಂಬಲ ವಾಪಸ್ ತಗೊಂಡರು.

ಮ್ಯಾಸ್ಪೆತ್ ಜನರದ್ದು ಸ್ವಾರ್ಥ ಅಂತ ಬರೆದು ಕೈ ತೊಳೆದುಕೊಳ್ಳಬಹುದು. ನಾನು ಹಾಗೆ ಹೇಳಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು. ಸುರಂಗ ಲಾರಿಯನ್ನು ಅಳಿಸಲ್ಲ. ಉದ್ದದ ಓಟ ರೈಲಿನದ್ದಾಗುತ್ತೆ, ಕೊನೆಯ ಹತ್ತು ಮೈಲಿ ಲಾರಿಯದ್ದೇ. ಬ್ರಾಂಕ್ಸ್‌ನ ಹೊಗೆಯನ್ನು ತೆಗೆದು ಮ್ಯಾಸ್ಪೆತ್ ಮೇಲೆ ಹಾಕಿದರೆ ಅದು ಪರಿಹಾರ ಅಲ್ಲ. ಒಂದೇ ದೈತ್ಯ ಯಾರ್ಡ್ ಬದಲು ನಾಲ್ಕಾರು ಸಣ್ಣ ಯಾರ್ಡ್, ಅಲ್ಲಿಂದ ಹೊರಡುವ ವಾಹನ ಡೀಸೆಲ್ ಬದಲು ವಿದ್ಯುತ್‌ನದ್ದು, ಹೀಗೆ ಮೊದಲೇ ಕೂತು ಮಾತಾಡಬೇಕಿತ್ತು. ಆಡಲಿಲ್ಲ.

ಆಮೇಲೆ ಪೋರ್ಟ್ ಅಥಾರಿಟಿ ತಾನೇ ಅಧ್ಯಯನ ಕೈಗೆತ್ತಿಕೊಂಡಿತು. 2014ರಲ್ಲಿ ಕರಡು ವರದಿ ಬಂತು. ಸುರಂಗಕ್ಕೆ ಅಂದಾಜು ಏಳರಿಂದ ಹತ್ತು ಬಿಲಿಯನ್ ಡಾಲರ್. ನಮ್ಮ ಲೆಕ್ಕದಲ್ಲಿ 60 ಸಾವಿರ ಕೋಟಿ ರೂಪಾಯಿಗೂ ಮೇಲೆ. ಇಷ್ಟೊಂದು ಯಾಕೆ? ಗೂಡ್ಸ್ ರೈಲು ಭಾರ. ಕಡಿದಾದ ಇಳಿಜಾರು ಅದಕ್ಕೆ ಆಗಿ ಬರಲ್ಲ. ಬಂದರಿನ ತಳಕ್ಕಿಂತ ಕೆಳಗೆ ಇಳಿದು ಮತ್ತೆ ಹತ್ತಬೇಕು ಅಂದ್ರೆ ಎರಡೂ ದಡದಲ್ಲಿ ಬಹಳ ದೂರದಿಂದಲೇ ಇಳಿಜಾರು ಶುರು ಮಾಡಬೇಕು. ಒಂದರ ಮೇಲೊಂದು ಕಂಟೇನರ್ ಇಟ್ಟ ರೈಲು ಹೋಗಬೇಕಾದರೆ ಸುರಂಗ ಎತ್ತರ ಇರಬೇಕು. ಆಚೆ ಕಡೆಯ ಹಳೇ ಹಳಿ, ಹಳೇ ಸೇತುವೆಗಳೂ ಆ ಎತ್ತರಕ್ಕೆ ಸಜ್ಜಾಗಬೇಕು.

ಇಷ್ಟರಲ್ಲಿ 2022ರ ಜನವರಿಯಲ್ಲಿ ರಾಜ್ಯದ ಗವರ್ನರ್ ಕ್ಯಾಥಿ ಹೋಕುಲ್ ಅದೇ ಬೇ ರಿಡ್ಜ್ ಹಳಿಯ ಜಾಡಿನಲ್ಲಿ ಬ್ರೂಕ್ಲಿನ್-ಕ್ವೀನ್ಸ್ ಜೋಡಿಸುವ ಹೊಸ ರೈಲು ಯೋಜನೆ ಘೋಷಿಸಿದರು. ಒಳ್ಳೇದೇ. ಆದರೆ ಗಮನಿಸಿ, ಅದು ಪ್ರಯಾಣಿಕರ ರೈಲು! ಸುರಂಗದ ಸರಕು ಮುಂದೆ ಹೋಗಬೇಕಿದ್ದ ದಾರಿಯಲ್ಲಿ ಇನ್ನು ಜನರ ಜೊತೆ ಜಾಗ ಹಂಚಿಕೊಳ್ಳಬೇಕು. 1910ರಲ್ಲಿ ಏನಾಯ್ತೋ ಅದೇ. ಮೊದಲು ಜನ, ಸರಕು ಆಮೇಲೆ ನೋಡೋಣ.

ಹಾಗಾದ್ರೆ ಸುರಂಗ ತೋಡಿದ ದೇಶ ಯಾವುದೂ ಇಲ್ವಾ? ಇದೆ. ಸ್ವಿಟ್ಜರ್ಲೆಂಡ್. ಅವರದ್ದು ನಗರದ ಸಮಸ್ಯೆ ಅಲ್ಲ, ಆಲ್ಪ್ಸ್ ಪರ್ವತದ ಕಣಿವೆಗಳ ಸಮಸ್ಯೆ. ಜರ್ಮನಿ-ಇಟಲಿ ನಡುವಿನ ಲಾರಿಗಳೆಲ್ಲ ಅವರ ಹಳ್ಳಿಗಳ ಮೂಲಕ ಹೋಗುತ್ತಿದ್ದವು. 1994ರಲ್ಲಿ ಜನ ಮತ ಹಾಕಿ, ಹಾದು ಹೋಗುವ ಸರಕು ರೈಲಿಗೆ ಹೋಗಬೇಕು ಅಂತ ಸಂವಿಧಾನದಲ್ಲೇ ಬರೆಸಿದರು. 2001ರಿಂದ ಭಾರೀ ಲಾರಿಗಳಿಗೆ ತೂಕ ಮತ್ತು ದೂರ ಎರಡನ್ನೂ ನೋಡಿ ಶುಲ್ಕ ಹಾಕಿದರು. ಆ ದುಡ್ಡಿನ ದೊಡ್ಡ ಪಾಲನ್ನು ರೈಲಿಗೆ ಹಾಕಿದರು. 2016ರಲ್ಲಿ 57 ಕಿಲೋಮೀಟರಿನ ಗೊಟ್ಹಾರ್ಡ್ ತಳ ಸುರಂಗ ತೆರೆಯಿತು, ಜಗತ್ತಿನಲ್ಲೇ ಉದ್ದದ ರೈಲು ಸುರಂಗ. 2000ದಲ್ಲಿ ವರ್ಷಕ್ಕೆ 14 ಲಕ್ಷ ಇದ್ದ ಆಲ್ಪ್ಸ್ ದಾಟುವ ಲಾರಿಗಳು 10 ಲಕ್ಷಕ್ಕಿಂತ ಕೆಳಗೆ ಬಂದವು. ಕಾನೂನಿನ ಗುರಿ ಆರೂವರೆ ಲಕ್ಷ. ಅದು ಇನ್ನೂ ಮುಟ್ಟಿಲ್ಲ. ಅಂದ್ರೆ ಸುರಂಗ ಮಂತ್ರದಂಡ ಅಲ್ಲ. ಆದರೆ ಶುಲ್ಕ, ಸುರಂಗ, ಜನಮತ, ಮೂರೂ ಸೇರಿದಾಗ ಲಕ್ಷಾಂತರ ಲಾರಿ ರಸ್ತೆ ಬಿಟ್ಟು ಇಳಿದವು. ನ್ಯೂಯಾರ್ಕ್‌ನಲ್ಲಿ ಮೂರೂ ಒಟ್ಟಿಗೆ ಯಾವತ್ತೂ ಬರಲಿಲ್ಲ.

ಇನ್ನು ನಮ್ಮ ಕಡೆ ಬರೋಣ. 1951ರಲ್ಲಿ ಭಾರತದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ರೈಲಿನದ್ದು. ಈಗ ಅದು ಇಪ್ಪತ್ತೇಳರ ಆಸುಪಾಸು. 2030ರ ಹೊತ್ತಿಗೆ 45ಕ್ಕೆ ಏರಿಸಬೇಕು ಅಂತ ರಾಷ್ಟ್ರೀಯ ರೈಲು ಯೋಜನೆಯೇ ಹೇಳುತ್ತೆ. ಗೂಡ್ಸ್‌ಗೇ ಅಂತ ಪ್ರತ್ಯೇಕ ಹಳಿ ಹಾಕುವ ಕೆಲಸ ನಡೆದಿದೆ. ಹರಿಯಾಣದ ಸೊಹ್ನಾ ಹತ್ತಿರ ಅರಾವಳಿ ಬೆಟ್ಟ ಕೊರೆದು, ಎರಡಂತಸ್ತಿನ ಕಂಟೇನರ್ ರೈಲು ವಿದ್ಯುತ್ ತಂತಿಯ ಅಡಿಯಲ್ಲೇ ಹೋಗುವಷ್ಟು ಎತ್ತರದ ಸುರಂಗ ಮಾಡಿದ್ದಾರೆ. ಅಂದ್ರೆ ನಮಗೆ ಬರಲ್ಲ ಅನ್ನೋ ಮಾತಿಲ್ಲ.

ಕರ್ನಾಟಕಕ್ಕೂ ಇದು ಹೊಸದಲ್ಲ. ಕೊಂಕಣ ರೈಲ್ವೆಯಲ್ಲಿ 1999ರಿಂದಲೇ ಲಾರಿಯನ್ನೇ ರೈಲು ಹತ್ತಿಸುವ ರೋ-ರೋ ಇದೆ. ಸುರತ್ಕಲ್‌ನಲ್ಲಿ ನಿಂತು ನೋಡಿ, ಸಾಲಾಗಿ ಲಾರಿಗಳು ವ್ಯಾಗನ್ ಮೇಲೆ, ಡ್ರೈವರ್ ಲಾರಿಯೊಳಗೇ ಕಾಲು ಚಾಚಿಕೊಂಡು. 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರ ಹತ್ತಿರದ ಬಾಳೆಗೆ 682 ಕಿಲೋಮೀಟರಿನ ರೋ-ರೋಗೆ ಹಸಿರು ಬಾವುಟ ತೋರಿಸಿದರು. ಒಂದು ರೈಲಿನಲ್ಲಿ 42 ಲಾರಿ. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಆದರೆ ಎಲ್ಲವೂ ಊರಿನ ಹೊರಗೇ ನಿಲ್ಲುತ್ತವೆ.

ಊರೊಳಗೆ? ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಹೋಗುವಾಗ ನಾನು ನೋಡುವ ದೃಶ್ಯ ಒಂದಿದೆ. ನಿರ್ಬಂಧದ ಹೊತ್ತು ಮುಗಿಯಲಿ ಅಂತ ರಿಂಗ್ ರೋಡ್ ಅಂಚಿನಲ್ಲಿ ಲಾರಿಗಳು ಸಾಲು ನಿಂತಿರುತ್ತವೆ. ಕೆಲವರು ಸ್ಟವ್ ಹಚ್ಚಿ ಅನ್ನ ಬೇಯಿಸ್ತಾ ಇರ್ತಾರೆ. ಬೆಳಗ್ಗೆ ನಾವು ಏಳೋದರೊಳಗೆ ಸಿಮೆಂಟ್, ಈರುಳ್ಳಿ, ಗ್ಯಾಸ್ ಸಿಲಿಂಡರ್ ಎಲ್ಲ ಜಾಗ ಸೇರಿರಬೇಕು. ಲಾರಿಯನ್ನು ಹಗಲಲ್ಲಿ ಕಣ್ಣಿಗೆ ಬೀಳದ ಹಾಗೆ ಮಾಡಿದ್ದೇವೆ. ಸಮಸ್ಯೆ ಬಗೆಹರಿಸಿಲ್ಲ, ರಾತ್ರಿ ಪಾಳಿಗೆ ಹಾಕಿದ್ದೇವೆ ಅಷ್ಟೇ.

ಮೆಟ್ರೋ ಬಗ್ಗೆ ಮಾತಾಡ್ತೀವಿ, ಸಬ್‌ಅರ್ಬನ್ ರೈಲಿನ ಬಗ್ಗೆ ಮಾತಾಡ್ತೀವಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆ ಬೇಕೋ ಬೇಡವೋ ಅಂತ ನಮ್ಮ ಸ್ಟುಡಿಯೋದಲ್ಲೇ ಎಷ್ಟು ಜಗಳ ಆಗಿದೆ! ನಾನೂ ಅದರಲ್ಲಿ ಪಾಲುದಾರ. ಟ್ರಾಫಿಕ್ ಜಾಮ್ ಆದಾಗ ನಾವು ಟಿವಿಯವರು ಕಾರಿನವರ ಬೈಟ್ ತಗೊಳ್ತೀವಿ, ಬೈಕಿನವರ ಬೈಟ್ ತಗೊಳ್ತೀವಿ. ಲಾರಿಯಲ್ಲಿರೋ ಮೂಟೆಯ ಪರವಾಗಿ ಒಬ್ಬರನ್ನಾದರೂ ಮಾತಾಡಿಸಿದ್ದೀವಾ? ಇಲ್ಲ. ಮೂಟೆಗೆ ವೋಟಿಲ್ಲ. ಅದಕ್ಕೇ ಅದಕ್ಕೆ ಸುರಂಗವೂ ಇಲ್ಲ, ಪ್ರಣಾಳಿಕೆಯೂ ಇಲ್ಲ.

ಬೆಂಗಳೂರಿಗೆ ಗೂಡ್ಸ್ ಸುರಂಗ ಬೇಕು ಅಂತ ನಾನು ಹೇಳ್ತಾ ಇಲ್ಲ. ನಮಗೆ ಹಡ್ಸನ್ ನದಿ ಅಡ್ಡ ಇಲ್ಲ. ನಮಗೆ ಬೇಕಾದದ್ದು ಅದಕ್ಕಿಂತ ಅಗ್ಗ. ಊರಿನ ಸುತ್ತ 287 ಕಿಲೋಮೀಟರ್ ವೃತ್ತಾಕಾರದ ರೈಲು ಮಾರ್ಗದ ಪ್ರಸ್ತಾಪ ಇದೆ. ಅದರಲ್ಲಿ ಗೂಡ್ಸ್‌ಗೆ ಎಷ್ಟು ಜಾಗ? ಯಾರ್ಡ್‌ಗಳು ಎಲ್ಲಿ ಬರುತ್ತವೆ? ಆ ಯಾರ್ಡ್‌ಗಳ ಪಕ್ಕದ ಹಳ್ಳಿಯವರನ್ನು ಯಾರಾದರೂ ಈಗಲೇ ಮಾತಾಡಿಸ್ತಾರಾ, ಅಥವಾ ಮ್ಯಾಸ್ಪೆತ್ ಜನರ ಹಾಗೆ ಕೊನೆಗೆ ಗೊತ್ತಾಗುತ್ತಾ? ಊರು ಬೆಳೆದು ಹಳಿ ಹಾಕಲು ಜಾಗ ಇಲ್ಲದ ಮೇಲೆ ನೆಲದಡಿ ಹೋಗಬೇಕಾಗುತ್ತೆ. ಆಗ ಖರ್ಚು ಹತ್ತು ಪಟ್ಟು. ನ್ಯೂಯಾರ್ಕ್‌ನವರು 1922ರಲ್ಲಿ ತೋಡದೇ ಇದ್ದದ್ದಕ್ಕೆ ಇವತ್ತು ಕೇಳ್ತಿರೋ ಬೆಲೆ ನೋಡಿದ್ರಲ್ಲ?

ಮುಂದಿನ ಸಲ ನಿಮ್ಮ ಶಾಸಕರೋ ಸಂಸದರೋ ಹೊಸ ರಸ್ತೆ, ಹೊಸ ಸುರಂಗ, ಹೊಸ ರೈಲು ಅಂತ ನಕ್ಷೆ ಹಿಡ್ಕೊಂಡು ಬಂದಾಗ ಒಂದೇ ಒಂದು ಪ್ರಶ್ನೆ ಕೇಳಿ. ಸ್ವಾಮಿ, ಇದರಲ್ಲಿ ನಾನು ಎಲ್ಲಿ ಹೋಗ್ತೀನಿ ಅಂತ ತೋರಿಸಿದ್ರಿ. ನನ್ನ ಮನೆಯ ಅಕ್ಕಿ ಮೂಟೆ ಎಲ್ಲಿಂದ ಬರುತ್ತೆ, ಯಾರ ಮನೆ ಮುಂದೆ ಹಾದು ಬರುತ್ತೆ? ಅದನ್ನೂ ತೋರಿಸಿ. ಉತ್ತರ ಬಂದರೆ ನನಗೂ ತಿಳಿಸಿ. ಸ್ಟುಡಿಯೋಗೆ ಅವರನ್ನೇ ಕರೀತೀನಿ.